ಕೆಲಸವಿಲ್ಲದಾಗ ಹ್ಯಾಂಗ್ ಆಗುತ್ತಿದ್ದ ಕಂಪ್ಯೂಟರ್

ಪರದೆಯ ಮೂಲೆಯ ಗಡಿಯಾರದಲ್ಲಿ 2:47. ಗೋಡೆಯ ಗಡಿಯಾರದಲ್ಲಿ ಆಗಲೇ ನಾಲ್ಕೂಕಾಲು. ಮೌಸ್ ಎಳೆದರೆ ಬಾಣ ಅಲುಗಲಿಲ್ಲ. ಕೀಬೋರ್ಡಿನಲ್ಲಿ ಕ್ಯಾಪ್ಸ್ ಲಾಕ್ ಒತ್ತಿದೆ, ಅದರ ದೀಪ ಹತ್ತಲೂ ಇಲ್ಲ, ಆರಲೂ ಇಲ್ಲ. ಫ್ಯಾನ್‌ಗಳು ಮಾತ್ರ ಏನೂ ಆಗಿಲ್ಲವೆಂಬಂತೆ ತಿರುಗುತ್ತಿದ್ದವು. ಮಧ್ಯಾಹ್ನ ಊಟಕ್ಕೆ ಎದ್ದು ಹೋಗಿ, ಒಂದು ಸಣ್ಣ ನಿದ್ದೆ ಮಾಡಿ ಬಂದಿದ್ದೆ. ಅಷ್ಟರಲ್ಲಿ ಕಂಪ್ಯೂಟರ್ ಒಳಗೊಳಗೇ ನಿಂತುಹೋಗಿತ್ತು.

ಕ್ಯಾಪ್ಸ್ ಲಾಕ್ ದೀಪ ಸಣ್ಣ ವಿಷಯದಂತೆ ಕಾಣಬಹುದು. ಆದರೆ ಅದನ್ನು ಹತ್ತಿಸುವುದು, ಆರಿಸುವುದು ಆಪರೇಟಿಂಗ್ ಸಿಸ್ಟಂ. ಒಂದು ಪ್ರೋಗ್ರಾಂ ಕೆಟ್ಟು ನಿಂತಿದ್ದರೆ, ಪರದೆ ಮಾತ್ರ ಸಿಕ್ಕಿಹಾಕಿಕೊಂಡಿದ್ದರೆ, ಆ ದೀಪ ಸಾಮಾನ್ಯವಾಗಿ ಸ್ಪಂದಿಸುತ್ತದೆ. ಅದೂ ಸ್ಪಂದಿಸದಿದ್ದರೆ ತೊಂದರೆ ಬುಡದಲ್ಲೇ ಇದೆ ಎಂದು ತಿಳಿಯಬೇಕು. ನಾನು ಪವರ್ ಬಟನ್ ಒತ್ತಿ ಹಿಡಿದೆ, ಆಫ್ ಆಯಿತು, ಮತ್ತೆ ಆನ್ ಮಾಡಿದೆ. ಎಂದಿನಂತೆ ಎದ್ದು ಬಂತು. ಒಂದು ಸಲಕ್ಕೆ ಹೀಗಾದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ, ನಾನೂ ಕೆಡಿಸಿಕೊಳ್ಳಲಿಲ್ಲ.

ಮರುದಿನ ಬೆಳಿಗ್ಗೆ ಮಗಳು ಕೋಣೆಯಿಂದಲೇ ಕೂಗಿದಳು, "ಅಪ್ಪಾ, ಕಂಪ್ಯೂಟರ್ ಮತ್ತೆ ನಿಂತಿದೆ, ನಾನೇನೂ ಮುಟ್ಟಿಲ್ಲ." ಆ ವಾರ ಮುಗಿಯುವ ಹೊತ್ತಿಗೆ ಒಂಬತ್ತು ಸಲ ಹೀಗಾಗಿತ್ತು.

ನನ್ನದು ಧ್ವನಿ ಸಂಕಲನದ ಕೆಲಸ. ಗಂಟೆಗಟ್ಟಲೆ ರೆಕಾರ್ಡಿಂಗ್ ಕೇಳಿ, ಕತ್ತರಿಸಿ, ಜೋಡಿಸಿ ಕೊಡುತ್ತೇನೆ. ಯಂತ್ರದ ಮೇಲೆ ನಂಬಿಕೆ ಹೋದರೆ ಆ ಕೆಲಸದ ಲಯವೇ ತಪ್ಪುತ್ತದೆ. ಪ್ರತಿ ಎರಡು ನಿಮಿಷಕ್ಕೊಮ್ಮೆ ಸೇವ್ ಒತ್ತುವುದು, ನೀರು ಕುಡಿಯಲು ಎದ್ದರೂ ಹಿಂತಿರುಗಿ ನೋಡುವುದು ಶುರುವಾಯಿತು. ಎಷ್ಟು ಹೊತ್ತಿಗೊಮ್ಮೆ ನಿಲ್ಲುತ್ತಿದೆ ಎಂದು ತಿಳಿಯದೆ ಮುಂದೆ ಹೋಗುವಂತಿರಲಿಲ್ಲ. ಅದಕ್ಕಾಗಿ ನಾಲ್ಕು ಸಾಲಿನ ಒಂದು ಸ್ಕ್ರಿಪ್ಟ್ ಬರೆದೆ. ಪ್ರತಿ ನಿಮಿಷವೂ ಆಗಿನ ಸಮಯವನ್ನು ಒಂದು ಫೈಲಿಗೆ ಸೇರಿಸುವುದಷ್ಟೇ ಅದರ ಕೆಲಸ. ಕಂಪ್ಯೂಟರ್ ನಿಂತರೆ ಆ ಫೈಲೂ ನಿಲ್ಲುತ್ತದೆ, ಕೊನೆಯ ಸಾಲು ನೋಡಿದರೆ ಯಾವ ನಿಮಿಷದಲ್ಲಿ ನಿಂತಿತು ಎಂದು ಗೊತ್ತಾಗುತ್ತದೆ. ಮುಂದೆ ನಾನು ಮಾಡಿದ ಪರೀಕ್ಷೆಗಳಲ್ಲೆಲ್ಲ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಈ ನಾಲ್ಕು ಸಾಲು.

ವಿಂಡೋಸ್ ತನ್ನ ಘಟನೆಗಳ ದಾಖಲೆ ತೋರಿಸುವ ಈವೆಂಟ್ ವ್ಯೂವರ್ ತೆರೆದರೆ ಪ್ರತಿ ಸಲವೂ ಅದೇ ಕೆಂಪು ಸಾಲು ಇತ್ತು: ಕರ್ನಲ್-ಪವರ್ 41. ಇದನ್ನು ಕಂಡೊಡನೆ ಪವರ್ ಸಪ್ಲೈ ಕೆಟ್ಟಿದೆ ಎಂದು ತೀರ್ಮಾನಿಸುವವರು ಬಹಳ. ಹೆಸರಿನಲ್ಲಿ ಪವರ್ ಇರುವುದರಿಂದ ಹಾಗನ್ನಿಸುವುದು ಸಹಜ. ವಾಸ್ತವದಲ್ಲಿ ಆ ಸಾಲು ಬರೆಯಲ್ಪಡುವುದು ಕಂಪ್ಯೂಟರ್ ಮತ್ತೆ ಎದ್ದ ಮೇಲೆ. 'ಹಿಂದಿನ ಸಲ ನನ್ನನ್ನು ಸರಿಯಾಗಿ ಮುಚ್ಚಲಿಲ್ಲ' ಎನ್ನುವುದಷ್ಟೇ ಅದರ ಹೇಳಿಕೆ. ನಾನೇ ಬಟನ್ ಒತ್ತಿ ಆರಿಸಿದರೂ ಅದೇ ಸಾಲು ಬರುತ್ತದೆ. ಅದರ ವಿವರದಲ್ಲಿ ನೋಡಬೇಕಾದದ್ದು ಕುಸಿತದ ಕಾರಣ ಹೇಳುವ ಬಗ್‌ಚೆಕ್ ಕೋಡ್. ನನ್ನದರಲ್ಲಿ ಅದು ಪ್ರತಿ ಸಲವೂ 0 ಇತ್ತು. ನೀಲಿ ಪರದೆ ತೋರಿಸಿ ಕಾರಣ ಬರೆದಿಡುವಷ್ಟು ಅವಕಾಶವೂ ವಿಂಡೋಸ್‌ಗೆ ಸಿಕ್ಕಿರಲಿಲ್ಲ. ಇನ್ನು ಮುಂದೆ ಲಾಗ್‌ನಲ್ಲಿ ಹುಡುಕಿದರೆ ಏನೂ ಸಿಗದು ಎಂದು ಆಗಲೇ ಖಚಿತವಾಯಿತು.

ಮೊದಲ ಅನುಮಾನ ರ‍್ಯಾಮ್ ಮೇಲೆ. ಅದನ್ನು ಪರೀಕ್ಷಿಸುವ ಮೆಮ್‌ಟೆಸ್ಟ್ ಪ್ರೋಗ್ರಾಂ ಅನ್ನು ಪೆನ್‌ಡ್ರೈವ್‌ಗೆ ಹಾಕಿ ರಾತ್ರಿಯಿಡೀ ಓಡಿಸಿದೆ. ಬೆಳಿಗ್ಗೆ ನೋಡಿದರೆ ನಾಲ್ಕು ಸುತ್ತು ಮುಗಿದಿತ್ತು, ಒಂದೂ ತಪ್ಪಿರಲಿಲ್ಲ. ರ‍್ಯಾಮ್‌ನ ವೇಗ ಹೆಚ್ಚಿಸುವ ಎಕ್ಸ್‌ಎಂಪಿ ಸೆಟ್ಟಿಂಗ್ ಆಫ್ ಮಾಡಿ ರ‍್ಯಾಮನ್ನು ನಿಧಾನದ ವೇಗಕ್ಕೆ ತಂದೆ, ಆಗಲೂ ಹ್ಯಾಂಗ್ ಆಯಿತು. ಎರಡು ರ‍್ಯಾಮ್ ಪಟ್ಟಿಗಳಲ್ಲಿ ಒಂದನ್ನು ತೆಗೆದೆ, ಇನ್ನೊಂದನ್ನು ಹಾಕಿದೆ, ಸ್ಲಾಟ್ ಬದಲಿಸಿದೆ. ಎಸ್‌ಎಸ್‌ಡಿ ತನ್ನ ಆರೋಗ್ಯದ ಬಗ್ಗೆ ಕೊಡುವ ಸ್ಮಾರ್ಟ್ ವರದಿ ಶುದ್ಧವಾಗಿತ್ತು. ಗ್ರಾಫಿಕ್ಸ್ ಡ್ರೈವರ್ ಬೇರುಸಹಿತ ಕಿತ್ತು ಹೊಸದಾಗಿ ಹಾಕಿದ್ದೂ ಆಯಿತು. ಮದರ್‌ಬೋರ್ಡ್ ರಿಪೇರಿ ಬಲ್ಲ ಗೆಳೆಯನೊಬ್ಬ ತನ್ನ ಪವರ್ ಸಪ್ಲೈಯನ್ನೇ ಎರಡು ದಿನಕ್ಕೆ ಬಿಚ್ಚಿ ಕೊಟ್ಟ. ಅದನ್ನು ಹಾಕಿದ ಮೇಲೂ ಮೂರೂವರೆ ಗಂಟೆಗೆ ನಿಂತಿತು.

ಪ್ರೊಸೆಸರ್ ಬಿಸಿಯಾಗುತ್ತಿದೆಯೇನೋ ಎಂದು ಪ್ರೈಮ್95 ಎಂಬ ಪರೀಕ್ಷಾ ಪ್ರೋಗ್ರಾಂ ಹಾಕಿ ಅದರ ಎಲ್ಲ ಕೋರ್‌ಗಳಿಗೂ, ಅಂದರೆ ಒಳಗಿನ ಲೆಕ್ಕದ ಘಟಕಗಳಿಗೂ, ಪೂರ್ತಿ ಹೊರೆ ಹೊರಿಸಿದೆ. ಆರು ಗಂಟೆ ಓಡಿತು. ಫ್ಯಾನ್ ಕಿರುಚಿಕೊಂಡಿತು, ಕೋಣೆ ಬೆಚ್ಚಗಾಯಿತು, ಆದರೆ ಕಂಪ್ಯೂಟರ್ ಒಂದು ಕ್ಷಣವೂ ತಡವರಿಸಲಿಲ್ಲ. ಪರೀಕ್ಷೆ ನಿಲ್ಲಿಸಿ ಸ್ನಾನಕ್ಕೆ ಹೋಗಿ ಬಂದೆ. ಬರುವಷ್ಟರಲ್ಲಿ ಹ್ಯಾಂಗ್.

ಅಲ್ಲೇ ಟವೆಲ್ ಹೆಗಲ ಮೇಲಿಟ್ಟುಕೊಂಡು ಸಮಯದ ಫೈಲ್ ತೆರೆದು, ಹಿಂದಿನ ಒಂದೊಂದು ಹ್ಯಾಂಗ್ ಆದಾಗಲೂ ನಾನೇನು ಮಾಡುತ್ತಿದ್ದೆ ಎಂದು ನೆನಪಿಸಿಕೊಳ್ಳುತ್ತ ಬಂದೆ. ಊಟ, ನಿದ್ದೆ, ಫೋನಿನಲ್ಲಿ ಮಾತು, ರಾತ್ರಿ ಮಲಗಿದ ಮೇಲೆ. ನಾನು ಕುಳಿತು ಕೆಲಸ ಮಾಡುತ್ತಿದ್ದಾಗ ಒಂದು ಸಲವೂ ನಿಂತಿರಲಿಲ್ಲ. ಗೆಳೆಯನಿಗೆ ಫೋನ್ ಮಾಡಿದೆ.

"ಲೋ, ಹೊರೆ ಹೊತ್ತಾಗ ಚೆನ್ನಾಗಿದ್ದು ಸುಮ್ನಿದ್ದಾಗ ನಿಲ್ಲತ್ತೆ ಅಂದ್ರೆ ಅದು ಬಿಸಿದೂ ಅಲ್ಲ, ರ‍್ಯಾಮ್‌ದೂ ಅಲ್ಲ ಕಣೋ," ಅಂದ. "ಪ್ರೊಸೆಸರ್ ನಿದ್ದೆಗೆ ಹೋಗಿ ಏಳೋ ಹೊತ್ತಲ್ಲಿ ಏನೋ ಎಡವಟ್ಟಾಗ್ತಿದೆ. ಇತ್ತೀಚೆಗೆ ಏನ್ ಬದಲಾಯ್ಸಿದೆ, ಅದನ್ನ ಹೇಳು ಮೊದ್ಲು."

"ಏನೂ ಇಲ್ಲ ಕಣೋ," ಅಂದೆ. ನಿಜವಾಗಿಯೂ ನನಗೆ ಹಾಗೇ ಅನ್ನಿಸಿತ್ತು.

ವಿಂಡೋಸ್ ಮೇಲಿನ ಅನುಮಾನ ಬಗೆಹರಿಯುವುದು ಸುಲಭವಿತ್ತು. ನನ್ನಲ್ಲಿ ಇನ್ನೊಂದು ಹಳೆಯ ಡ್ರೈವ್‌ನಲ್ಲಿ ಲಿನಕ್ಸ್ ಇದೆ, ತಿಂಗಳಿಗೊಮ್ಮೆ ತೆರೆಯುತ್ತೇನೆ. ಅದನ್ನು ಬೂಟ್ ಮಾಡಿ, ಅದೇ ಬಗೆಯ ಸ್ಕ್ರಿಪ್ಟ್ ಓಡಲು ಬಿಟ್ಟು ಮಲಗಿದೆ. ಬೆಳಿಗ್ಗೆ ನೋಡಿದರೆ ಅದೂ ನಿಂತಿತ್ತು. ಕೊನೆಯ ಸಾಲು 1:12. ಎರಡು ಬೇರೆ ಬೇರೆ ಆಪರೇಟಿಂಗ್ ಸಿಸ್ಟಂಗಳು, ಬೇರೆ ಡ್ರೈವರ್‌ಗಳು, ಬೇರೆ ಡ್ರೈವ್. ಎರಡೂ ಒಂದೇ ರೀತಿ ನಿಲ್ಲುತ್ತವೆ ಎಂದರೆ ರೋಗ ಅವೆರಡಕ್ಕೂ ಕೆಳಗಿದೆ. ವಿಂಡೋಸ್ ಅಳಿಸಿ ಹೊಸದಾಗಿ ಹಾಕಬೇಕೆಂದು ಯೋಚಿಸಿದ್ದೆ. ಆ ಒಂದು ದಿನದ ಕೆಲಸ ಲಿನಕ್ಸ್‌ನಿಂದಾಗಿ ಉಳಿಯಿತು.

ಲಿನಕ್ಸ್ ಇನ್ನೊಂದು ಉಪಕಾರವನ್ನೂ ಮಾಡಿತು. ಅದು ಪ್ರತಿ ಬೂಟ್‌ನಲ್ಲೂ ಬೋರ್ಡಿನ ಹೆಸರು, ಕಂಪ್ಯೂಟರನ್ನು ಮೊದಲು ಎಬ್ಬಿಸುವ ತಂತ್ರಾಂಶವಾದ ಬಯೋಸ್‌ನ ಆವೃತ್ತಿ, ಅದರ ದಿನಾಂಕ ಇಷ್ಟನ್ನೂ ಡಿಎಂಐ ಎಂದು ಶುರುವಾಗುವ ಒಂದು ಸಾಲಿನಲ್ಲಿ ದಾಖಲಿಸುತ್ತದೆ. ಹಳೆಯ ಬೂಟ್‌ಗಳ ದಾಖಲೆ ಜರ್ನಲ್ ಎಂಬ ಅದರ ಲಾಗ್‌ನಲ್ಲಿ ಉಳಿದಿರುತ್ತದೆ. ಹಿಂದಿನ ತಿಂಗಳ ಬೂಟ್ ತೆಗೆದು ನೋಡಿದೆ: ಬಯೋಸ್ 2.10. ಈಗಿನದು ನೋಡಿದೆ: 2.40.

ಆಗ ನೆನಪಾಯಿತು. ಡೌನ್‌ಲೋಡ್ಸ್ ಫೋಲ್ಡರ್ ತೆರೆದೆ. ಬಯೋಸ್‌ನ ಜಿಪ್ ಫೈಲ್ ಅಲ್ಲೇ ಇತ್ತು, ಒಂದು ಭಾನುವಾರ ರಾತ್ರಿಯ ದಿನಾಂಕದೊಂದಿಗೆ. ದಿನವಾರು ತೊಂದರೆಗಳನ್ನು ತೋರಿಸುವ ವಿಂಡೋಸ್‌ನ ರಿಲಯಬಿಲಿಟಿ ಮಾನಿಟರ್‌ನಲ್ಲಿ ಕೆಂಪು ಗುರುತುಗಳು ಶುರುವಾದದ್ದು ಮಾರನೆಯ ಸೋಮವಾರ. ಅದಕ್ಕೆ ಮೊದಲಿನ ವಾರಗಳಲ್ಲಿ ಒಂದೇ ಒಂದು ಕೆಂಪು ಗುರುತಿಲ್ಲ. ಆ ಭಾನುವಾರ ಬೋರ್ಡ್ ತಯಾರಕರ ಉಪಕರಣ ತಂತ್ರಾಂಶ 'ಹೊಸ ಬಯೋಸ್ ಬಂದಿದೆ' ಎಂದು ಕೇಳಿತ್ತು. ವಿವರಣೆಯಲ್ಲಿ ಇದ್ದದ್ದು ಎರಡೇ ಸಾಲು, ಸಿಸ್ಟಂ ಸ್ಥಿರತೆ ಸುಧಾರಿಸಿದೆ, ಭದ್ರತಾ ತಿದ್ದುಪಡಿ ಸೇರಿಸಿದೆ ಎಂದು. ಒಪ್ಪಿಗೆ ಒತ್ತಿದೆ, ಎರಡು ಸಲ ರೀಸ್ಟಾರ್ಟ್ ಆಯಿತು, ಮಲಗಿದೆ. ಸುಧಾರಣೆಗೆಂದು ಮಾಡಿದ ಕೆಲಸವನ್ನು ಮನಸ್ಸು ಬದಲಾವಣೆ ಎಂದು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಗೆಳೆಯ ನೇರವಾಗಿ ಕೇಳಿದಾಗಲೂ ನೆನಪಿಗೆ ಬರಲಿಲ್ಲ ಎನ್ನುವುದು ನನ್ನನ್ನು ಇವತ್ತಿಗೂ ಕಾಡುತ್ತದೆ.

ಬಯೋಸ್ ಎಂದರೆ ಕಂಪ್ಯೂಟರ್ ಆನ್ ಮಾಡಿದಾಗ ಮೊದಲು ಕಾಣುವ ಆ ಲೋಗೋ, ಒಳಗೊಂದು ಸೆಟ್ಟಿಂಗ್ಸ್ ಪುಟ, ಅಷ್ಟೇ ಎಂದು ತಿಳಿಯುವುದು ತಪ್ಪು. 1970ರ ದಶಕದಲ್ಲಿ ಗ್ಯಾರಿ ಕಿಲ್ಡಾಲ್ ತಮ್ಮ ಸಿಪಿ/ಎಂ ಎಂಬ ಆಪರೇಟಿಂಗ್ ಸಿಸ್ಟಂನ ಒಂದು ಭಾಗಕ್ಕೆ ಈ ಹೆಸರಿಟ್ಟಾಗ ಅದು ಯಂತ್ರಾಂಶಕ್ಕೂ ತಂತ್ರಾಂಶಕ್ಕೂ ನಡುವಿನ ಒಂದು ಚಿಕ್ಕ ಪದರವಾಗಿತ್ತು. ಇವತ್ತಿನ ಬೋರ್ಡಿನಲ್ಲಿ ಇರುವುದು ವಾಸ್ತವವಾಗಿ ಅದರ ಜಾಗಕ್ಕೆ ಬಂದ ಯುಇಎಫ್‌ಐ, ಹಳೆಯ ಹೆಸರು ಬಾಯಲ್ಲಿ ಉಳಿದಿದೆ. ಎಂಟು ಕಾಲಿನ ಒಂದು ಪುಟ್ಟ ಫ್ಲ್ಯಾಶ್ ಚಿಪ್‌ನೊಳಗೆ, ನನ್ನ ಬೋರ್ಡಿನಲ್ಲಿ 32 ಮೆಗಾಬೈಟ್ ಜಾಗದಲ್ಲಿ, ಬೋರ್ಡ್ ತಯಾರಕರು ಬರೆದ ಕೋಡ್ ಇದೆ. ಅದರ ಜೊತೆಗೆ ಪ್ರೊಸೆಸರ್ ತಯಾರಕರು ಕೊಟ್ಟ, ಪ್ರೊಸೆಸರ್‌ನ ಒಳಗಿನ ನಡವಳಿಕೆಯನ್ನು ತಿದ್ದುವ ಮೈಕ್ರೋಕೋಡ್ ಇದೆ, ರ‍್ಯಾಮನ್ನು ಹದಕ್ಕೆ ತರುವ ಕೋಡ್ ಇದೆ, ವೋಲ್ಟೇಜ್ ನೋಡಿಕೊಳ್ಳುವ ಫರ್ಮ್‌ವೇರ್, ಅಂದರೆ ಯಂತ್ರಾಂಶದೊಳಗೇ ಕೂತ ತಂತ್ರಾಂಶ, ಇದೆ. ಒಂದು ಅಪ್‌ಡೇಟ್ ಎಂದರೆ ಇವೆಲ್ಲ ಒಟ್ಟಿಗೆ ಬದಲಾಗಬಹುದು. ವಿವರಣೆ ಮಾತ್ರ ಎರಡು ಸಾಲು.

ಪ್ರೊಸೆಸರ್ ಸುಮ್ಮನೆ ಇರುವಾಗ ನಿಜಕ್ಕೂ ಸುಮ್ಮನೆ ಇರುವುದಿಲ್ಲ. ಕೆಲಸವಿಲ್ಲದ ಕೋರ್‌ಗಳು ಹಂತ ಹಂತವಾಗಿ ನಿದ್ದೆಗೆ ಇಳಿಯುತ್ತವೆ. ಇವಕ್ಕೆ ಸಿ-ಸ್ಟೇಟ್ ಎಂಬ ಹೆಸರು. ಸಿ0 ಎಂದರೆ ಎಚ್ಚರ, ಸಿ1 ಎಂದರೆ ಕಣ್ಣು ಮುಚ್ಚಿದ ಹಾಗೆ. ಸಿ6ರಲ್ಲಿ ಕೋರ್ ತನ್ನ ಸ್ಥಿತಿಯನ್ನೆಲ್ಲ ಬೇರೆಡೆ ಬರೆದಿಟ್ಟು, ತನಗೆ ಬರುವ ವೋಲ್ಟೇಜನ್ನು ಸೊನ್ನೆಯ ಹತ್ತಿರಕ್ಕೆ ಇಳಿಸಿಕೊಳ್ಳುತ್ತದೆ. ಒಂದು ಸೆಕೆಂಡಿನಲ್ಲಿ ಅದೆಷ್ಟೋ ಸಲ ಹೀಗೆ ಇಳಿದು ಏರುತ್ತಿರುತ್ತದೆ. ಏಳುವ ಹೊತ್ತಿಗೆ ಬೇಕಾದಷ್ಟು ವೋಲ್ಟೇಜ್ ಬೇಕಾದಷ್ಟು ಬೇಗ ಸಿಗದಿದ್ದರೆ ಕೋರ್ ಅಲ್ಲೇ ಉಳಿಯುತ್ತದೆ, ನೀಲಿ ಪರದೆ ತೋರಿಸಲೂ ಯಾರೂ ಎಚ್ಚರವಿರುವುದಿಲ್ಲ. ಪೂರ್ತಿ ಹೊರೆ ಇರುವಾಗ ಯಾವ ಕೋರೂ ನಿದ್ದೆ ಮಾಡುವುದಿಲ್ಲ. ಪ್ರೈಮ್95 ಆರು ಗಂಟೆ ನಿರಾತಂಕವಾಗಿ ಓಡಿದ್ದು, ಸ್ನಾನಕ್ಕೆ ಹೋದಾಗ ನಿಂತದ್ದು, ಎರಡೂ ಈ ಲೆಕ್ಕಕ್ಕೆ ಹೊಂದುತ್ತಿದ್ದವು.

ಹೊಂದುತ್ತದೆ ಎನ್ನುವುದು ಪುರಾವೆಯಾಗುವುದಿಲ್ಲವಲ್ಲ. ಬಯೋಸ್ ಸೆಟ್ಟಿಂಗ್ಸ್‌ಗೆ ಹೋಗಿ ಸಿ-ಸ್ಟೇಟ್‌ಗಳನ್ನು ಆಫ್ ಮಾಡಿದೆ. ಮೂರು ದಿನ ಕಂಪ್ಯೂಟರ್ ನಿಲ್ಲಲಿಲ್ಲ. ಮತ್ತೆ ಆನ್ ಮಾಡಿದೆ, ಏಳು ಗಂಟೆಗೆ ನಿಂತಿತು. ಮತ್ತೆ ಆಫ್ ಮಾಡಿದೆ, ನಿಲ್ಲಲಿಲ್ಲ. ಈ ಎರಡನೆಯ ಆಫ್ ಮುಖ್ಯ. ಒಂದು ಸಲ ಸರಿಹೋದರೆ ಕಾಕತಾಳೀಯ ಇರಬಹುದು, ಬೇಕೆಂದಾಗ ರೋಗವನ್ನು ಬರಿಸಿ ಬೇಕೆಂದಾಗ ನಿಲ್ಲಿಸಲು ಸಾಧ್ಯವಾದರೆ ಬೇರಿನ ಹತ್ತಿರ ಬಂದಿದ್ದೇವೆ ಎಂದರ್ಥ.

ಹಾಗೇ ಆಫ್ ಮಾಡಿಕೊಂಡು ಬದುಕಬಹುದಿತ್ತು. ಆದರೆ ಸುಮ್ಮನಿದ್ದಾಗಲೂ 20 ವ್ಯಾಟ್‌ಗೂ ಹೆಚ್ಚು ವಿದ್ಯುತ್ ಸುಮ್ಮನೆ ಹೋಗುತ್ತಿತ್ತು, ಫ್ಯಾನ್ ಸದ್ದು ಹೆಡ್‌ಫೋನ್ ತೆಗೆದಾಗ ಕೇಳುವಷ್ಟಾಗಿತ್ತು. ಎರಡು ವರ್ಷ ಇದೇ ಪ್ರೊಸೆಸರ್, ಇದೇ ಬೋರ್ಡ್, ಸಿ-ಸ್ಟೇಟ್ ಆನ್ ಇದ್ದೇ ಚೆನ್ನಾಗಿ ನಡೆದಿತ್ತು. ಕಂಪ್ಯೂಟರನ್ನು ನಿದ್ದೆಗೆಡಿಸಿ ಕೂರಿಸುವುದು ನನಗೆ ಒಪ್ಪಿಗೆಯಾಗಲಿಲ್ಲ.

ಇನ್ನೊಂದು ಸಂಶಯವೂ ಇತ್ತು, ಅದನ್ನು ತೀರಿಸಿಕೊಳ್ಳದೆ ಹೊಸ ಬಯೋಸನ್ನು ದೂರುವುದು ನ್ಯಾಯವಲ್ಲ. ಅಪ್‌ಡೇಟ್ ಆದಾಗ ಕೆಲವು ಸೆಟ್ಟಿಂಗ್‌ಗಳು ಮೂಲಕ್ಕೆ ಹೋಗಿಬಿಡಬಹುದು. ಹಿಂದೆ ನಾನೇ ಮಾಡಿದ್ದ ಯಾವುದೋ ಬದಲಾವಣೆ ಅಳಿದುಹೋಗಿದ್ದರಿಂದ ಹೀಗಾಗುತ್ತಿರಬಹುದೇ? ಹಳೆಯ ಸೆಟ್ಟಿಂಗ್‌ಗಳ ಫೋಟೋ ತೆಗೆದಿಟ್ಟಿರಲಿಲ್ಲ. ನೆನಪಿನ ಪ್ರಕಾರ ಎಕ್ಸ್‌ಎಂಪಿ ಮತ್ತು ಫ್ಯಾನ್ ವೇಗ ಬಿಟ್ಟು ಏನನ್ನೂ ಮುಟ್ಟಿರಲಿಲ್ಲ. ಇದಕ್ಕೆ ಉತ್ತರ ಸಿಗುವ ದಾರಿ ಒಂದೇ: ಹಳೆಯ 2.10ಕ್ಕೆ ವಾಪಸ್ ಹೋಗಿ, ಅದನ್ನೂ ಮೂಲ ಸೆಟ್ಟಿಂಗ್‌ನಲ್ಲೇ ಇಟ್ಟು ನೋಡುವುದು.

ಹಿಂದಕ್ಕೆ ಹೋಗಲು ಎಲ್ಲ ಬೋರ್ಡ್‌ಗಳೂ ಬಿಡುವುದಿಲ್ಲ. ಭದ್ರತೆಯ ಕಾರಣಕ್ಕೆ ಕೆಲವು ಆವೃತ್ತಿಗಳು ಹಿಂದಿನ ಬಾಗಿಲನ್ನೇ ಮುಚ್ಚಿಬಿಡುತ್ತವೆ. ಲ್ಯಾಪ್‌ಟಾಪ್‌ಗಳಲ್ಲಂತೂ ಇದು ಹೆಚ್ಚು, ರೋಲ್‌ಬ್ಯಾಕ್ ತಡೆಯುವ ಸೆಟ್ಟಿಂಗೇ ಬಯೋಸ್‌ನಲ್ಲಿರುತ್ತದೆ. ಹೀಗಾಗಿ 2.10ರಿಂದ 2.40ರವರೆಗೆ ನಡುವೆ ಬಂದ ಪ್ರತಿ ಆವೃತ್ತಿಯ ಟಿಪ್ಪಣಿಯನ್ನೂ ಓದಿದೆ. 'ಇದನ್ನು ಹಾಕಿದ ಮೇಲೆ ಹಳೆಯದಕ್ಕೆ ಮರಳಲು ಆಗದು' ಎಂಬ ಸಾಲು ಒಂದು ಕಡೆ ಇತ್ತು, ಆದರೆ ಅದು 2.10ಕ್ಕೂ ಹಿಂದಿನ ಆವೃತ್ತಿಯಲ್ಲಿ. ಸಮಾಧಾನವಾಯಿತು.

ಸಮಾಧಾನವಾದರೂ ಕೈ ಹಗುರವಾಗಿರಲಿಲ್ಲ. ಆ ಚಿಪ್‌ನಲ್ಲಿ ಬರೆಯುವುದು ಅರ್ಧಕ್ಕೆ ನಿಂತರೆ ಬೋರ್ಡ್ ಏಳುವುದೇ ಇಲ್ಲ. 1999ರ ಏಪ್ರಿಲ್ 26ರಂದು ಸಿಐಎಚ್ ಎಂಬ ವೈರಸ್ ಬಹಳಷ್ಟು ಕಂಪ್ಯೂಟರ್‌ಗಳನ್ನು ಹಾಳುಗೆಡವಿದ್ದನ್ನು ಆ ಕಾಲದಲ್ಲಿ ಕಂಪ್ಯೂಟರ್ ಬಳಸುತ್ತಿದ್ದವರು ಮರೆತಿರಲಾರರು. ಹಾರ್ಡ್ ಡಿಸ್ಕ್‌ನ ಮಾಹಿತಿ ಅಳಿಸುವುದರ ಜೊತೆಗೆ ಅದು ಬಯೋಸ್ ಚಿಪ್‌ನ ಮೇಲೂ ಕಸ ಬರೆಯಲು ನೋಡುತ್ತಿತ್ತು. ಅದು ಕೈಗೂಡಿದ ಬೋರ್ಡ್‌ಗಳಲ್ಲಿ ಪರದೆ ಕಪ್ಪಾಗಿಯೇ ಉಳಿಯಿತು, ಚಿಪ್ ಬದಲಿಸಬೇಕಾಯಿತು. ವಿದ್ಯುತ್ ಹೋದರೆ ನನ್ನ ಕೈಯಾರೆ ಅದೇ ಗತಿ. ಯುಪಿಎಸ್‌ನ ಬ್ಯಾಟರಿ ಪರೀಕ್ಷಿಸಿ, ಅದಕ್ಕೆ ಕಂಪ್ಯೂಟರ್ ಒಂದನ್ನೇ ಜೋಡಿಸಿದೆ.

ಡ್ರೈವ್ ವಿಂಡೋಸ್‌ನ ಗೂಢಲಿಪಿ ವ್ಯವಸ್ಥೆಯಾದ ಬಿಟ್‌ಲಾಕರ್‌ನಿಂದ ಬೀಗ ಹಾಕಿಕೊಂಡಿತ್ತು. ಅದರ ಕೀಲಿಯನ್ನು ಕಾಯುವುದು ಟಿಪಿಎಂ ಎಂಬ ಭದ್ರತಾ ಘಟಕ. ಬಯೋಸ್ ಬದಲಾದರೆ ಟಿಪಿಎಂ ಅಳೆದಿಟ್ಟ ಗುರುತು ಹೊಂದುವುದಿಲ್ಲ, ಆಗ ಅದು ಕೀಲಿ ಕೊಡದೆ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಆ ಕೀ ಇಲ್ಲದಿದ್ದರೆ ಒಳಗಿನ ಫೈಲುಗಳು ಹೋದವೆಂದೇ ಲೆಕ್ಕ. ನಾನು ಕೀಯನ್ನು ಕಾಗದದ ಮೇಲೆ ಮುದ್ರಿಸಿ, ಪರದೆಯ ಮೇಲಿನದಕ್ಕೆ ಅಂಕಿ ಅಂಕಿ ಹೋಲಿಸಿ ನೋಡಿದೆ. ಕೆಲಸದ ಫೈಲುಗಳನ್ನು ಹೊರಗಿನ ಡಿಸ್ಕ್‌ಗೆ ನಕಲು ಮಾಡಿದೆ. ಬಳಿಕ ಬಿಟ್‌ಲಾಕರ್‌ ಅನ್ನು ತಾತ್ಕಾಲಿಕವಾಗಿ ಸಸ್ಪೆಂಡ್ ಮಾಡಿದೆ. ಈ ಸಲ ಬಯೋಸ್‌ನ ಪ್ರತಿ ಪುಟದ ಫೋಟೋವನ್ನೂ ಫೋನಿನಲ್ಲಿ ತೆಗೆದೆ, ಮೂವತ್ತೊಂದು ಫೋಟೋ ಆದವು.

2.10ರ ಫೈಲನ್ನು ತಯಾರಕರ ತಾಣದಿಂದಲೇ ಇಳಿಸಿಕೊಂಡೆ, ಫೈಲ್ ಕೆಡದೆ ಬಂದಿದೆಯೇ ಎಂದು ತಿಳಿಯಲು ಚೆಕ್‌ಸಮ್ ತಾಳೆ ನೋಡಿದೆ. ಬೋರ್ಡಿನ ಹೆಸರಿನ ಕೊನೆಯ ಒಂದಕ್ಷರ ಬೇರೆಯಾದರೂ ಅದು ಬೇರೆ ಬೋರ್ಡ್. ಇಳಿಸಿಕೊಳ್ಳುವ ಮೊದಲು ಕೇಸ್ ತೆರೆದು ಬೋರ್ಡಿನ ಮೇಲೆ ಅಚ್ಚಾದ ಹೆಸರನ್ನೂ ರಿವಿಷನ್ ಅಂಕಿಯನ್ನೂ ಟಾರ್ಚ್ ಹಿಡಿದು ಓದಿದ್ದೆ. ಪೆಟ್ಟಿಗೆ ಮೇಲಿನ ಹೆಸರು ನಂಬಿ ಮಾಡುವ ಕೆಲಸವಲ್ಲ ಇದು.

ಬಯೋಸ್‌ನೊಳಗೇ ಇರುವ, ಚಿಪ್‌ಗೆ ಬರೆಯುವ ಫ್ಲ್ಯಾಶ್ ಉಪಕರಣ ತೆರೆದು ಪೆನ್‌ಡ್ರೈವ್‌ನ ಫೈಲ್ ಆರಿಸಿದೆ. ಒಂದು ಕ್ಷಣ ಓದಿಕೊಂಡು, ಈ ಫೈಲ್ ಈಗಿರುವ ಆವೃತ್ತಿಗಿಂತ ಹಳೆಯದು, ಹಾಕಲಾಗದು ಎಂದಿತು. ಟಿಪ್ಪಣಿಗಳಲ್ಲಿ ಎಲ್ಲೂ ಇಲ್ಲದ ಅಡ್ಡಿ. ಬೇರೆ ದಾರಿ ಇಲ್ಲವೇನೋ ಎಂದುಕೊಂಡು ವಿಂಡೋಸ್‌ಗೆ ಹಿಂತಿರುಗಿದೆ. ಈ ಹಿಂತಿರುಗಿದ್ದಕ್ಕೆ ಆಮೇಲೆ ಬೆಲೆ ತೆರಬೇಕಾಯಿತು, ಹೇಳುತ್ತೇನೆ.

ಬೋರ್ಡಿನ ಕೈಪಿಡಿ ತಿರುವಿಹಾಕುವಾಗ ಹಿಂಭಾಗದಲ್ಲೊಂದು ಚಿಕ್ಕ ಗುಂಡಿ ಇರುವುದು ಕಂಡಿತು, ಅದೇ ಬಯೋಸ್ ಫ್ಲ್ಯಾಶ್‌ಬ್ಯಾಕ್. ಇದು ನನಗೆ ತುಂಬ ಮೆಚ್ಚುಗೆಯಾದ ವ್ಯವಸ್ಥೆ. ಕಂಪ್ಯೂಟರ್ ಆಫ್ ಆಗಿರುತ್ತದೆ, ಪವರ್ ಕೇಬಲ್ ಮಾತ್ರ ಜೋಡಿಸಿರಬೇಕು. ಸ್ಟ್ಯಾಂಡ್‌ಬೈ ವಿದ್ಯುತ್ತಿನಲ್ಲೇ ಬೋರ್ಡಿನ ಒಂದು ಪುಟ್ಟ ಕಂಟ್ರೋಲರ್ ಪೆನ್‌ಡ್ರೈವ್‌ನಿಂದ ಫೈಲ್ ಓದಿ ಚಿಪ್‌ಗೆ ಬರೆಯುತ್ತದೆ. ಪ್ರೊಸೆಸರ್, ರ‍್ಯಾಮ್ ಯಾವುದರ ಸಹಾಯವೂ ಬೇಡ. ಒಳಗಿರುವ ಬಯೋಸ್‌ನ ಒಪ್ಪಿಗೆಯನ್ನೂ ಕೇಳುವುದಿಲ್ಲ. ಬಯೋಸ್ ಪೂರ್ತಿ ಹಾಳಾದರೂ ಬೋರ್ಡನ್ನು ಬದುಕಿಸುವುದಕ್ಕೆಂದೇ ಇಟ್ಟ ಗುಂಡಿ ಅದು. ಫ್ಲ್ಯಾಶ್‌ಬ್ಯಾಕ್ ಇಲ್ಲದ ಬೋರ್ಡ್‌ಗಳಲ್ಲಿ ಚಿಪ್‌ಗೇ ಕ್ಲಿಪ್ ಹಾಕಿ ಪ್ರೋಗ್ರಾಮರ್‌ನಿಂದ ಬರೆಯಬೇಕಾಗುತ್ತದೆ. ಅದು ಗೆಳೆಯನ ಕೈಕೆಲಸ, ನನ್ನದಲ್ಲ.

ಪೆನ್‌ಡ್ರೈವ್ ಎಫ್‌ಎಟಿ32 ಮಾದರಿಯಲ್ಲಿ ಫಾರ್ಮ್ಯಾಟ್ ಆಗಿರಬೇಕು, ಗುರುತು ಹಾಕಿದ ಯುಎಸ್‌ಬಿ ಕಿಂಡಿಗೇ ಹಾಕಬೇಕು, ಫೈಲಿಗೆ ಕೈಪಿಡಿ ಹೇಳಿದ ಹೆಸರನ್ನೇ ಇಡಬೇಕು. ಎಲ್ಲ ಮಾಡಿ ಗುಂಡಿಯನ್ನು ಮೂರು ಸೆಕೆಂಡ್ ಒತ್ತಿ ಹಿಡಿದೆ. ದೀಪ ನಾಲ್ಕೈದು ಸಲ ಮಿನುಗಿತು, ಆಮೇಲೆ ಒಂದೇ ಸಮನೆ ಉರಿಯುತ್ತ ನಿಂತಿತು. ಕೈಪಿಡಿಯಲ್ಲಿ ಅದರ ಅರ್ಥ ಫೈಲ್ ಸಿಗಲಿಲ್ಲ ಎಂದು. ಹೆಸರನ್ನು ಮತ್ತೆ ನೋಡಿದೆ, ಸರಿಯಿತ್ತು. ಪೆನ್‌ಡ್ರೈವ್ ಬದಲಿಸಿದೆ, ಮತ್ತೆ ಅದೇ. ಅರ್ಧ ಗಂಟೆ ಹೀಗೇ ಹೋಯಿತು.

ಮಗಳ ಲ್ಯಾಪ್‌ಟಾಪ್‌ಗೆ ಆ ಪೆನ್‌ಡ್ರೈವ್ ಹಾಕಿ ತೆರೆದಾಗ ಕಾರಣ ಕಂಡಿತು. ನನ್ನ ವಿಂಡೋಸ್‌ನಲ್ಲಿ ಫೈಲಿನ ಹೆಸರಿನ ಕೊನೆಯ ಬಾಲವಾದ ಎಕ್ಸ್‌ಟೆನ್ಷನ್ ಅಡಗಿಸಿಡುವ ಸೆಟ್ಟಿಂಗ್ ಚಾಲೂ ಇತ್ತು. ನಾನು ಹೆಸರು ಬದಲಿಸುವಾಗ ಎಕ್ಸ್‌ಟೆನ್ಷನ್ ಸೇರಿಸಿ ಟೈಪ್ ಮಾಡಿದ್ದೆ, ಕಣ್ಣಿಗೆ ಕಾಣದ ಮೂಲ ಎಕ್ಸ್‌ಟೆನ್ಷನ್ ಅದರ ಹಿಂದೆ ಹಾಗೇ ಉಳಿದಿತ್ತು. ಒಂದೇ ಬಾಲ ಎರಡು ಸಲ ಅಂಟಿತ್ತು. ಅವಳ ಲ್ಯಾಪ್‌ಟಾಪ್‌ನಲ್ಲಿ ಎಕ್ಸ್‌ಟೆನ್ಷನ್ ತೋರುವಂತಿದ್ದುದರಿಂದ ಕಂಡಿತು. ಒಂದನ್ನು ಅಳಿಸಿದೆ.

ಈ ಸಲ ದೀಪ ಮಿನುಗುತ್ತಲೇ ಹೋಯಿತು. ಎಂಟು ನಿಮಿಷದವರೆಗೂ ಆಗಬಹುದು ಎಂದಿತ್ತು ಕೈಪಿಡಿ. ನಾನು ಕುರ್ಚಿ ಎಳೆದುಕೊಂಡು ಕಂಪ್ಯೂಟರಿನ ಹಿಂದೆಯೇ ಕುಳಿತೆ. ಮಿನುಗು ಕ್ರಮೇಣ ಚುರುಕಾಯಿತು. ಯಾರೂ ಮೇಜಿನ ಹತ್ತಿರ ಸುಳಿಯದಂತೆ ಮನೆಯಲ್ಲಿ ಮೊದಲೇ ಹೇಳಿದ್ದೆ. ಆರನೆಯ ನಿಮಿಷ ದಾಟಿದ ಮೇಲೆ ದೀಪ ಆರಿತು. ಮತ್ತೆ ಎರಡು ನಿಮಿಷ ಏನನ್ನೂ ಮುಟ್ಟದೆ ಕಾದು, ಪವರ್ ಬಟನ್ ಒತ್ತಿದೆ.

ಪರದೆ ಕಪ್ಪು. ಫ್ಯಾನ್ ತಿರುಗುತ್ತಿದೆ, ಬೋರ್ಡಿನ ಮೇಲೆ ರ‍್ಯಾಮ್ ಎಂದು ಗುರುತಿದ್ದ ಹಳದಿ ದೀಪ ಉರಿಯುತ್ತಿದೆ. ಒಂದು ನಿಮಿಷ, ಎರಡು ನಿಮಿಷ. ಇಲ್ಲಿ ಗಾಬರಿಯಾಗಿ ಆಫ್ ಮಾಡಿದವರ ಕಥೆಗಳನ್ನು ಗೆಳೆಯ ಮೊದಲೇ ಹೇಳಿದ್ದ. ಚಿಪ್ ಹೊಸದಾಗಿ ಬರೆದಾಗ, ಹಿಂದೆ ಕಲಿತಿಟ್ಟ ರ‍್ಯಾಮ್‌ನ ಲೆಕ್ಕವೆಲ್ಲ ಅಳಿದಿರುತ್ತದೆ. ಯಾವ ವೇಗ, ಯಾವ ವೋಲ್ಟೇಜ್, ಎಷ್ಟು ವಿಳಂಬ ಎಂದು ಬೋರ್ಡ್ ಮೊದಲಿನಿಂದ ಪ್ರಯೋಗ ಮಾಡಿ ಕಂಡುಕೊಳ್ಳಬೇಕು. ಇದಕ್ಕೆ ಮೆಮೊರಿ ಟ್ರೇನಿಂಗ್ ಎನ್ನುತ್ತಾರೆ, ಡಿಡಿಆರ್5 ರ‍್ಯಾಮ್‌ನಲ್ಲಿ ಇದು ಹಲವು ನಿಮಿಷ ಹಿಡಿಯಬಹುದು. ಇಷ್ಟೆಲ್ಲ ತಿಳಿದಿದ್ದರೂ ಆ ಕಪ್ಪು ಪರದೆಯ ಮುಂದೆ ನಿಂತಾಗ ಎದೆ ಹೊಡೆದುಕೊಳ್ಳುವುದು ನಿಲ್ಲಲಿಲ್ಲ. ನಾಲ್ಕನೆಯ ನಿಮಿಷದಲ್ಲಿ ಲೋಗೋ ಬಂತು. ಅದರ ಕೆಳಗೆ 2.10.

ವಿಂಡೋಸ್ ಬರುವ ಬದಲು ಬಿಟ್‌ಲಾಕರ್‌ನ ನೀಲಿ ಪುಟ ಬಂತು. ಸಸ್ಪೆಂಡ್ ಮಾಡಿದ್ದೆನಲ್ಲ ಎಂದು ಒಂದು ಕ್ಷಣ ತಬ್ಬಿಬ್ಬಾದೆ. ಸಸ್ಪೆಂಡ್ ಸಾಮಾನ್ಯವಾಗಿ ಒಂದು ರೀಸ್ಟಾರ್ಟ್‌ಗಷ್ಟೇ ಇರುತ್ತದೆ. ಮೊದಲ ಪ್ರಯತ್ನ ಸೋತು ವಿಂಡೋಸ್‌ಗೆ ಹಿಂತಿರುಗಿದಾಗಲೇ ಬೀಗ ತಾನಾಗಿ ಮತ್ತೆ ಬಿದ್ದಿತ್ತು. ಕಾಗದ ತೆಗೆದು ಆರಾರು ಅಂಕಿಯ ಎಂಟು ಗುಂಪುಗಳನ್ನು ಒಂದೊಂದಾಗಿ ಒತ್ತಿದೆ, ತೆರೆಯಿತು. ಆ ಕಾಗದ ಇಲ್ಲದಿದ್ದರೆ ಏನಾಗುತ್ತಿತ್ತು ಎಂದು ನಾನು ಯೋಚಿಸಲೂ ಇಷ್ಟಪಡುವುದಿಲ್ಲ. ಒಳಗೆ ಹೋದರೆ ಲಾಗಿನ್ ಪಿನ್ ಕೆಲಸ ಮಾಡಲಿಲ್ಲ, ಅದೂ ಟಿಪಿಎಂನಲ್ಲಿ ಇರುವಂಥದ್ದು. ಪಾಸ್‌ವರ್ಡ್ ಹಾಕಿ ಹೊಸ ಪಿನ್ ಮಾಡಿಕೊಂಡೆ.

ಎಕ್ಸ್‌ಎಂಪಿ ಆನ್ ಮಾಡುವ ಆಸೆಯಾಯಿತು, ತಡೆದುಕೊಂಡೆ. ಮೂಲ ಸೆಟ್ಟಿಂಗ್‌ನಲ್ಲೇ ಪರೀಕ್ಷೆ ಆಗಬೇಕಿತ್ತು, ಸಿ-ಸ್ಟೇಟ್ ಆನ್ ಇರಬೇಕಿತ್ತು. ಸಮಯ ಬರೆಯುವ ಸ್ಕ್ರಿಪ್ಟ್ ಚಾಲೂ ಮಾಡಿ, ಸ್ಲೀಪ್ ಆಫ್ ಮಾಡಿ, ಕಂಪ್ಯೂಟರನ್ನು ಅದರ ಪಾಡಿಗೆ ಬಿಟ್ಟೆ. ಎಷ್ಟು ದಿನ ಬಿಟ್ಟರೆ ಸಾಕು ಎನ್ನುವುದಕ್ಕೆ ನನ್ನ ಫೈಲೇ ಆಧಾರವಾಯಿತು. 2.40ರಲ್ಲಿ ಎರಡು ಹ್ಯಾಂಗ್‌ಗಳ ನಡುವಿನ ಅತಿ ದೊಡ್ಡ ಅಂತರ 19 ಗಂಟೆ. ಹಾಗಾಗಿ ಒಂದು ದಿನ ನಿಲ್ಲಲಿಲ್ಲ ಎಂದರೆ ಏನನ್ನೂ ಹೇಳಿದಂತಾಗುವುದಿಲ್ಲ. ಐದು ದಿನ ಎಂದು ನಿಶ್ಚಯಿಸಿದೆ.

ಮೊದಲ ರಾತ್ರಿ ಎರಡು ಸಲ ಎದ್ದು ಹೋಗಿ ನೋಡಿದೆ. ಮೂರನೆಯ ದಿನ ಬೇಕೆಂದೇ ನೋಡಲಿಲ್ಲ. ಐದನೆಯ ದಿನ ಸಂಜೆ ಫೈಲ್ ತೆರೆದಾಗ ಒಂದು ನಿಮಿಷವೂ ತಪ್ಪದೆ ಸಾಲುಗಳು ಇದ್ದವು, 7,200ಕ್ಕೂ ಮೇಲೆ. ಆಮೇಲೆ ಎಕ್ಸ್‌ಎಂಪಿ ಆನ್ ಮಾಡಿ ಮತ್ತೆರಡು ದಿನ, ಲಿನಕ್ಸ್‌ನಲ್ಲಿ ಒಂದು ದಿನ. ಎಲ್ಲೂ ನಿಲ್ಲಲಿಲ್ಲ. ಗೆಳೆಯನಿಗೆ ಫೋನ್ ಮಾಡಿ ಹೇಳಿದಾಗ ಅವನು ಕೇಳಿದ ಮೊದಲ ಪ್ರಶ್ನೆ, "ಆ ಅಪ್‌ಡೇಟ್ ತಂತ್ರಾಂಶ ತೆಗ್ದ್ಯಾ?" ಇಲ್ಲ, ತೆಗೆದಿರಲಿಲ್ಲ. ಅದು ಆಗಲೇ 2.40 ಬಂದಿದೆ ಎಂದು ಮತ್ತೆ ಕೇಳಲು ಶುರುಮಾಡಿತ್ತು. ತೆಗೆದೆ. ವಿಂಡೋಸ್ ಅಪ್‌ಡೇಟ್ ಮೂಲಕವೂ ಫರ್ಮ್‌ವೇರ್ ಬರಬಹುದು, ಲಿನಕ್ಸ್‌ನಲ್ಲಿ ಎಫ್‌ಡಬ್ಲ್ಯೂಅಪ್‌ಡಿ ಎಂಬ ಅಪ್‌ಡೇಟ್ ಉಪಕರಣದ ಮೂಲಕ ಬರಬಹುದು. ಎರಡನ್ನೂ ನೋಡಿಕೊಂಡೆ.

ಹಳೆಯದರಲ್ಲಿ ಇರುವುದರಿಂದ ಕಳೆದುಕೊಂಡದ್ದೂ ಇದೆ, ಅದನ್ನು ಮುಚ್ಚಿಡಲಾರೆ. ಫರ್ಮ್‌ವೇರ್‌ನ ಭದ್ರತಾ ದೋಷಗಳು ಕಲ್ಪನೆಯವಲ್ಲ. 2023ರ ಡಿಸೆಂಬರ್‌ನಲ್ಲಿ ಹೊರಬಿದ್ದ ಲೋಗೋಫೇಲ್ ದೋಷದಲ್ಲಿ ಬೂಟ್ ಹೊತ್ತಿನ ಆ ಲೋಗೋ ಚಿತ್ರವನ್ನು ಓದುವ ಕೋಡೇ ದಾಳಿಗೆ ದಾರಿಯಾಗಿತ್ತು, ಆಪರೇಟಿಂಗ್ ಸಿಸ್ಟಂ ಏಳುವ ಮೊದಲೇ. ನನ್ನ 2.10ರಲ್ಲಿ ಅದಕ್ಕೆ ಪರಿಹಾರ ಬಂದಾಗಿದೆ, ಟಿಪ್ಪಣಿಯಲ್ಲಿ ಓದಿ ಖಚಿತಪಡಿಸಿಕೊಂಡಿದ್ದೇನೆ. ಮೈಕ್ರೋಕೋಡ್‌ನ ತಿದ್ದುಪಡಿಗಳಲ್ಲಿ ಹಲವನ್ನು ವಿಂಡೋಸ್, ಲಿನಕ್ಸ್ ಎರಡೂ ಬೂಟ್ ಆಗುವಾಗ ತಾವೇ ಹಾಕಿಕೊಳ್ಳಬಲ್ಲವು. 2.40ರಲ್ಲಿದ್ದ ಆ ಒಂದು ಭದ್ರತಾ ತಿದ್ದುಪಡಿ ಮಾತ್ರ ಈಗ ನನ್ನಲ್ಲಿಲ್ಲ. ಮತ್ತೆ ಮತ್ತೆ ನಿಲ್ಲುವ ಕಂಪ್ಯೂಟರಿಗಿಂತ ಇದನ್ನು ಕೆಲಕಾಲ ಸಹಿಸಿಕೊಳ್ಳುವುದು ಮೇಲು ಎಂದು ನಾನು ತೂಗಿ ನೋಡಿ ನಿರ್ಧರಿಸಿದ್ದೇನೆ. ಬೇರೆಯವರ ತೂಕ ಬೇರೆ ಇರಬಹುದು. ಅಪ್‌ಡೇಟ್‌ನಿಂದಲೇ ಹ್ಯಾಂಗ್ ವಾಸಿಯಾದ ಬೋರ್ಡ್‌ಗಳೂ ಇವೆ, ಅವರಿಗೆ ಹಿಂದಕ್ಕೆ ಹೋಗಿ ಎಂದು ನಾನೆಂದೂ ಹೇಳುವುದಿಲ್ಲ.

ತಯಾರಕರಿಗೆ ಬರೆದೆ. ನಿಲ್ಲುತ್ತಿದೆ ಎಂದಷ್ಟೇ ಬರೆದರೆ ರ‍್ಯಾಮ್ ಬದಲಿಸಿ ನೋಡಿ ಎಂಬ ಉತ್ತರ ಬರುತ್ತದೆ. ಹಾಗಾಗಿ ಎರಡೂ ಆವೃತ್ತಿಗಳ ಸಮಯದ ಫೈಲುಗಳು, ಸಿ-ಸ್ಟೇಟ್ ಆನ್ ಮತ್ತು ಆಫ್ ಮಾಡಿದಾಗಿನ ಫಲಿತಾಂಶ, ಎರಡು ಆಪರೇಟಿಂಗ್ ಸಿಸ್ಟಂಗಳಲ್ಲೂ ಒಂದೇ ರೀತಿ ಆದದ್ದು, ಪ್ರೊಸೆಸರ್ ಮತ್ತು ರ‍್ಯಾಮ್‌ನ ಪೂರ್ಣ ಹೆಸರು, ಇಷ್ಟನ್ನೂ ಸೇರಿಸಿದೆ. ಹತ್ತು ದಿನಕ್ಕೆ ಉತ್ತರ ಬಂತು, ಬಯೋಸ್ ತಂಡಕ್ಕೆ ಕಳಿಸಿದ್ದೇವೆ ಎಂದು. ಮೂರು ವಾರದ ನಂತರ ತಾಣದಲ್ಲಿ ನೋಡಿದರೆ ಇಳಿಸಿಕೊಳ್ಳುವ ಪಟ್ಟಿಯಲ್ಲಿ 2.40 ಇರಲಿಲ್ಲ. ಅದರ ಜಾಗದಲ್ಲಿ 2.41 ಬೀಟಾ, ಅಂದರೆ ಪರೀಕ್ಷೆಯ ಹಂತದ ಆವೃತ್ತಿ ಇತ್ತು.

ಅದನ್ನು ಇಳಿಸಿಟ್ಟುಕೊಂಡಿದ್ದೇನೆ, ಹಾಕಿಲ್ಲ. ಕೈಯಲ್ಲಿರುವ ರೆಕಾರ್ಡಿಂಗ್ ಕೆಲಸ ಮುಗಿಯಲು ಇನ್ನೆರಡು ವಾರ ಬೇಕು. ಪೆನ್‌ಡ್ರೈವ್‌ನಲ್ಲಿ 2.10ರ ಫೈಲು ಸರಿಯಾದ ಹೆಸರಿನಲ್ಲಿ ಹಾಗೇ ಇದೆ. ಕೇಸ್‌ನ ಪಕ್ಕದ ಬಾಗಿಲ ಒಳಮೈಗೆ ಒಂದು ಚೀಟಿ ಅಂಟಿಸಿ, ಯಾವ ದಿನ ಯಾವ ಆವೃತ್ತಿ ಹಾಕಿದೆ ಎಂದು ಬರೆದಿದ್ದೇನೆ. ಅದರಲ್ಲಿ ಈಗ ಮೂರು ಸಾಲುಗಳಿವೆ.